ಸ್ವೆಟರಿನ ಕೆಳಗಿದ್ದ ಡಬ್ಬಿ

ಸೂಟ್‌ಕೇಸ್ ತುಂಬುತ್ತಿದ್ದೀರಾ? ಒಂದು ಗಳಿಗೆ ಬಿಡಿ. ಇಲ್ಲಿ ಕೂತು ಇದನ್ನು ಪೂರ್ತಿ ಕೇಳಿ. ತುಂಬುತ್ತಿಲ್ಲ ಅಂದರೂ ಕೇಳಿ, ಯಾಕೆಂದರೆ ನಿಮ್ಮ ಮನೆಯಿಂದಲೂ ಇವತ್ತಲ್ಲ ನಾಳೆ ಯಾರಾದರೂ ವಿಮಾನ ಹತ್ತೇ ಹತ್ತುತ್ತಾರೆ. ಅವರ ಚೀಲದಲ್ಲಿ ಒಂದು ಇ-ಸಿಗರೇಟು ಇದ್ದರೂ ಇರಬಹುದು. ಬೆರಳಷ್ಟು ಉದ್ದ, ಮಾವಿನ ಹಣ್ಣಿನ ವಾಸನೆ, ನೋಡಿದರೆ ಮಕ್ಕಳ ಆಟಿಕೆ. ಅಷ್ಟು ಸಣ್ಣದು ಒಬ್ಬ ತಾಯಿಯಿಂದ ಏನು ಕಿತ್ತುಕೊಂಡಿತು ಅನ್ನುವುದನ್ನು ಕೇಳಿಸಿಕೊಂಡು ಆಮೇಲೆ ಜಿಪ್ಪು ಎಳೆಯಿರಿ.

ಆ ತಾಯಿಯ ಹೆಸರು ಗುಯಿಜೆನ್. ಊರು ಹಾಂಗ್‌ಕಾಂಗ್ ಗಡಿಗೆ ಅಂಟಿಕೊಂಡ ಶೆನ್‌ಝೆನ್, ಶಾಜಿಂಗ್ ಕಡೆ. ಅಲ್ಲಿ ಬೀದಿಗೊಂದು ಇ-ಸಿಗರೇಟು ಕಾರ್ಖಾನೆ. ಗುಯಿಜೆನ್ ಅಂಥದ್ದೊಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಿ ಮುಚ್ಚುವವಳು. ಗಂಡ ಡೆಂಗ್ ಅದೇ ಕಾರ್ಖಾನೆಯಲ್ಲಿ ಅವನ್ನು ಜೋಡಿಸುವ ಒಂದು ಲೈನಿನ ಮುಖ್ಯಸ್ಥ, ತಾನೂ ಅದನ್ನೇ ಸೇದುವವನು. ದಿನವಿಡೀ ಅವರ ಕೈಯಲ್ಲಿ ಅದೇ ವಸ್ತು. ನಮಗೆ ಬೆಂಕಿಪೊಟ್ಟಣ ಹೇಗೋ ಅವರಿಗೆ ಅದು ಹಾಗೆ. ಅದನ್ನು ನೋಡಿದರೆ ಭಯ ಪಡಬೇಕು ಅಂತ ಅವರಿಗೆ ಯಾಕಾದರೂ ಅನಿಸುತ್ತದೆ ಹೇಳಿ.

ಅವರಿಗೆ ಒಬ್ಬಳೇ ಮಗಳು, ಶಿನ್‌ಯಾ. ಜಪಾನಿನ ಒಸಾಕಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಅವಳ ಕೆಲಸ. ಮಹಾ ಮಾತುಗಾರ್ತಿ. ಫೋನ್ ಮಾಡಿದರೆ ಗುಯಿಜೆನ್ ಅದನ್ನು ಸ್ಪೀಕರಿಗೆ ಹಾಕಿ ಒಲೆ ಪಕ್ಕ ಇಟ್ಟು, ಅನ್ನ ಮಾಡಿ, ಮೆಣಸಿನಕಾಯಿ ಹುರಿದು, ಪಾತ್ರೆ ತೊಳೆದು ಮುಗಿಸಿದರೂ ಆ ಕಡೆಯಿಂದ ಮಾತು ನಡೆಯುತ್ತಲೇ ಇರುತ್ತಿತ್ತು. ಯಾವ ಅಜ್ಜಿ ಏನು ತಿಂದಳು, ಯಾವ ಅಜ್ಜ ಯಾರನ್ನು ಕಂಡರೆ ಸಿಡಿಮಿಡಿ, ಎಲ್ಲ.

ಆ ಮಗಳ ತಲೆಯಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು.

"ಅಮ್ಮಾ, ಗುರುವಾರ ಬೆಳಿಗ್ಗೆ ಆಪರೇಷನ್. ಜೀವಕ್ಕೇನೂ ಭಯ ಇಲ್ಲ ಅಂದ್ರು. ಆದ್ರೆ ಗಡ್ಡೆ ಇರೋದು ಮಾತಾಡೋ ಜಾಗದ ಪಕ್ಕದಲ್ಲೇ ಅಂತೆ. ಆಮೇಲೆ ಮಾತು ಮೊದಲಿನ ಹಾಗೆ ಇರುತ್ತೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು."

ಗುಯಿಜೆನ್ ಒಲೆ ಆರಿಸಿದಳು.

"ಬರ್ತೀಯಾ ತಾನೇ ಅಮ್ಮಾ? ಬುಧವಾರ ಸಾಯಂಕಾಲದೊಳಗೆ ಬಂದುಬಿಡು. ನಿಂಗೆ ಒಂದು ಮಾತು ಹೇಳ್ಬೇಕು."

"ಈಗಲೇ ಹೇಳೇ."

"ಫೋನಲ್ಲಿ ಹೇಳೋದಲ್ಲ ಅದು. ನಿನ್ನ ಮುಖ ನೋಡ್ಕೊಂಡು ಹೇಳ್ಬೇಕು. ಎಲ್ಲಾ ಮಾತು ಫೋನಲ್ಲೇ ಖರ್ಚು ಮಾಡಿದೀನಿ, ಇದೊಂದು ಉಳಿಸ್ಕೊಂಡಿದೀನಿ." ಶಿನ್‌ಯಾ ನಕ್ಕಳು. ಗುಯಿಜೆನ್‌ಗೆ ನಗು ಬರಲಿಲ್ಲ.

ವೀಸಾ ಆಯಿತು. ಟಿಕೆಟ್ಟು ಹಾಂಗ್‌ಕಾಂಗ್ ಏರ್‌ಪೋರ್ಟಿನಿಂದ ಸಿಕ್ಕಿತು. ಶೆನ್‌ಝೆನ್ ಜನ ಹಾಗೆ ಮಾಡುವುದು ರೂಢಿ. ಬೆಳಿಗ್ಗೆ ಬಸ್ ಹತ್ತಿ, ಗಡಿಯಲ್ಲಿ ಇಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಬಸ್ ಹತ್ತಿದರೆ ನೇರ ಏರ್‌ಪೋರ್ಟು. ಅವರ ಲೆಕ್ಕದಲ್ಲಿ ಹಾಂಗ್‌ಕಾಂಗ್ ಅಂದರೆ ಬಸ್ ಬದಲಾಯಿಸುವ ಜಾಗ, ಅಷ್ಟೇ.

ಮಂಗಳವಾರ ಸಾಮಾನು ಕಟ್ಟುವಾಗ ಕೆಳಗಿನ ಮನೆಯ ಚುನ್‌ಮೇ ಮೇಲೆ ಬಂದಳು. ಅವಳ ತಂಗಿಯನ್ನು ಹಾಂಗ್‌ಕಾಂಗಿಗೆ ಕೊಟ್ಟಿದ್ದಾರೆ, ಹಾಗಾಗಿ ವಾರಕ್ಕೊಮ್ಮೆಯಾದರೂ ಗಡಿ ದಾಟುವವಳು. ಬಂದವಳೇ ಸೂಟ್‌ಕೇಸಿನೊಳಗೆ ಕೈ ಹಾಕಿದಳು.

"ಇದೇನಕ್ಕಾ, ಹೊಗೆಲಿ ಒಣಗಿಸಿದ ಮಾಂಸನಾ? ಜಪಾನಿಗೆ ಮಾಂಸ ತಗೊಂಡ್ ಹೋಗೋ ಹಾಗಿಲ್ಲ. ತೆಗೀರಿ."

"ಅವಳಿಗೆ ಇಷ್ಟ ಕಣೇ."

"ಇಷ್ಟ ಇದ್ರೆ ವಾಪಸ್ ಬಂದಾಗ ತಿನ್ಲಿ. ಈ ಮೆಣಸಿನಕಾಯಿ ಉಪ್ಪಿನಕಾಯಿ ಇರಲಿ, ಸೀಸೆ ಮಾತ್ರ ದೊಡ್ಡ ಸೂಟ್‌ಕೇಸಲ್ಲೇ ಇರಬೇಕು." ಬಟ್ಟೆಗಳ ನಡುವೆ ಅವಳ ಕೈಗೆ ಉದ್ದನೆಯ ಒಂದು ಡಬ್ಬಿ ಸಿಕ್ಕಿತು. ಬಂಗಾರದ ಬಣ್ಣ, ಮುಚ್ಚಳಕ್ಕೆ ಅಯಸ್ಕಾಂತ. ತೆಗೆದರೆ ಒಳಗೆ ಸಾಲಾಗಿ ಹತ್ತು ಇ-ಸಿಗರೇಟು. "ಮತ್ತೆ ಇದು?"

ಮಂಚದ ಮೇಲೆ ಕೂತಿದ್ದ ಡೆಂಗ್ ಎದ್ದು ನಿಂತ. "ಅದು ಮೊರಿಮೊಟೊ ಅವರಿಗೆ."

ಮೊರಿಮೊಟೊ ಅಂದರೆ ಶಿನ್‌ಯಾ ಕೆಲಸ ಮಾಡುವ ಕಡೆಯ ಯಜಮಾನ. ಆಸ್ಪತ್ರೆಗೆ ಸೇರಿಸಿದ್ದು ಅವನು, ಅಲ್ಲಿನ ಖರ್ಚಿಗೆ ಜಾಮೀನಾಗಿ ಸಹಿ ಹಾಕಿದ್ದು ಅವನು, ದಿನಾ ಹೋಗಿ ನೋಡಿಕೊಂಡು ಬರುತ್ತಿದ್ದವನೂ ಅವನೇ.

"ಸಿಕ್ಕಾಪಟ್ಟೆ ಸಿಗರೇಟು ಸೇದ್ತಾರಂತೆ. ಇದನ್ನ ಕೊಟ್ರೆ ಅದನ್ನಾದ್ರೂ ಬಿಡ್ತಾರೆ. ನಮ್ಮ ಮಗಳಿಗೆ ಅಷ್ಟು ಮಾಡಿದ ಮನುಷ್ಯನ ಮುಂದೆ ಬರಿಗೈಲಿ ನಿಲ್ಲೋಕಾಗುತ್ತಾ? ಶಾಜಿಂಗ್ ಜನ ಇನ್ನೇನು ಕೊಡೋದು? ನನ್ನ ಲೈನಲ್ಲಿ ಮಾಡಿದ್ದು, ಒಂದೊಂದನ್ನೂ ನಾನೇ ಆರಿಸಿದೀನಿ."

"ಅಣ್ಣ, ಇದನ್ನ ದೊಡ್ಡ ಸೂಟ್‌ಕೇಸಲ್ಲಿ ಯಾವ ವಿಮಾನದಲ್ಲೂ ಇಡೋ ಹಾಗಿಲ್ಲ. ಬ್ಯಾಟರಿ ಇದೆ ಒಳಗೆ."

"ಬ್ಯಾಟರಿ ಪಾಠ ನಂಗೆ ಹೇಳ್ಕೊಡ್ತೀಯಾ? ಬ್ಯಾಟರಿ ಜೊತೆನೇ ಊಟ ಮಾಡೋನು ನಾನು."

ಗುಯಿಜೆನ್ ಬಟ್ಟೆ ಮಡಚುತ್ತಲೇ ಅಂದಳು: "ಹಾಗಾದ್ರೆ ನಿಮ್ಮ ಟೆಸ್ಟಿಂಗ್ ಟೇಬಲ್ ಪಕ್ಕ ಮರಳಿನ ಬಕೆಟ್ ಯಾಕೆ ಇಟ್ಕೊಂಡಿದೀರಿ?"

ಡೆಂಗ್ ಮತ್ತೆ ಮಂಚದ ಮೇಲೆ ಕೂತ. ಆ ಬಕೆಟ್ಟಿನೊಳಗೆ ಉರಿಯುವ ಬ್ಯಾಟರಿಯನ್ನು ಇಕ್ಕಳದಲ್ಲಿ ಹಿಡಿದು ಹಾಕಿದವನು ಅವನೇ. ಒತ್ತಡ ಬಿದ್ದರೆ, ಗುಂಡಿ ತಾನಾಗೇ ಒತ್ತಿಕೊಂಡರೆ ಏನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಟೇಬಲ್ ಪಕ್ಕ ಆದ್ರೆ ನೀವಿದೀರಿ. ವಿಮಾನದ ಹೊಟ್ಟೆಲಿ ಹೊತ್ಕೊಂಡ್ರೆ ಮರಳು ಹಾಕೋರು ಯಾರಣ್ಣ?" ಅಂದಳು ಚುನ್‌ಮೇ.

"ಆಯ್ತು ಮಾರಾಯ್ತಿ. ಕೈಚೀಲದಲ್ಲಿ ಇಟ್ಕೋತೀನಿ."

"ಕೈಚೀಲದಲ್ಲೂ ಬೇಡ. ನೀವು ಹಾಂಗ್‌ಕಾಂಗ್ ಮೇಲೆ ಹೋಗ್ತಿರೋದು. ಅಲ್ಲಿ ಇದನ್ನ ಒಳಗೆ ತರೋದೇ ಅಪರಾಧ. ಒಂದೇ ಇದ್ರೂ ಅಪರಾಧ, ಸ್ವಂತಕ್ಕೆ ಅಂದ್ರೂ ಅಪರಾಧ. ದಂಡ ಇದೆ, ಜೈಲೂ ಇದೆ."

"ನಾವು ಹೋಗ್ತಿರೋದು ಜಪಾನಿಗೆ ಕಣಮ್ಮ. ಜಪಾನಲ್ಲಿ ಸೇದ್ತಾರೆ."

"ಅಲ್ಲೂ ಅವರವರು ಸೇದೋಕೆ ಒಂದಿಷ್ಟು ಬಿಡ್ತಾರೆ ಅಷ್ಟೇ, ಹಂಚೋಕಲ್ಲ. ಅದು ಆಮೇಲಿನ ಮಾತು. ಜಪಾನಿಗೆ ಹಾರ್ಕೊಂಡು ಹೋಗ್ತೀರಾ ಮನೆ ತಾರಸಿಯಿಂದ? ಬಸ್ಸಿಳಿದು ಹಾಂಗ್‌ಕಾಂಗ್ ನೆಲ ಮುಟ್ಟಲ್ವಾ?"

"ಮುಟ್ಟಿದ್ರೇನು? ನಿಲ್ತೀವಾ ಅಲ್ಲಿ? ಒಂದು ಬಸ್ಸಿಂದ ಇನ್ನೊಂದು ಬಸ್ಸು. ಅಲ್ಲಿ ಮೂಗು ಒರೆಸ್ಕೊಳೋಕೂ ಪುರುಸೊತ್ತಿರಲ್ಲ. ಅದನ್ನೂ ಹಾಂಗ್‌ಕಾಂಗಿಗೆ ಹೋಗಿದ್ದು ಅಂತಾರಾ ಯಾರಾದ್ರೂ?"

"ಅಲ್ಲಿನ ಕಸ್ಟಮ್ಸ್‌ನವರು ಅಂತಾರೆ. ವಿಮಾನದಿಂದ ವಿಮಾನಕ್ಕೆ, ಏರ್‌ಪೋರ್ಟ್ ಒಳಗೇ ಬದಲಾಯಿಸೋರ ಮಾತು ಬೇರೆ. ನೀವು ಗಡಿ ದಾಟಿ ಹೋಗೋರು. ನಿಮಗಿಂತ ಮುಂಚೆ ಎಷ್ಟೋ ಜನ ಇದೇ ಹೇಳಿ ಸಿಕ್ಕಾಕೊಂಡಿದಾರೆ. ಬೇಕಾದ್ರೆ ಒಂದು ಒಳ್ಳೆ ಟೀ ಡಬ್ಬಿ ಕೊಂಡ್ಕೊಂಡು ಹೋಗಿ. ಯಜಮಾನರು ಟೀ ಕುಡಿಯಲ್ವಾ?"

"ಟೀ ಎಲ್ಲರೂ ಕೊಡ್ತಾರೆ," ಅಂತ ಗೊಣಗಿದ ಡೆಂಗ್. ಗುಯಿಜೆನ್ ಅವನನ್ನೇ ನೋಡಿದಳು. "ಸರಿ, ಬಿಟ್ಟೇ ಹೋಗ್ತೀನಿ. ಆಯ್ತಾ? ಇಬ್ಬರೂ ಸೇರಿ ತಲೆ ತಿನ್ಬೇಡಿ," ಅಂದ ಅವನು.

ಡಬ್ಬಿ ಸೂಟ್‌ಕೇಸಿನಿಂದ ಹೊರಗೆ ಬಂತು. ಮಾತು ಮುಗಿಯಿತು ಅಂತ ಗುಯಿಜೆನ್ ಅಂದುಕೊಂಡಳು.

ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಅವಳು ಬಟ್ಟೆಯ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದರಲ್ಲಿ ಮಗಳಿಗೆ ತಾನೇ ಹೆಣೆದ ನೀಲಿ ಸ್ವೆಟರು, ಎರಡು ಕಿತ್ತಳೆ, ನೀರಿನ ಬಾಟಲಿ. ಗಂಡನಿಗೆ ಕಿತ್ತಳೆ ಕೊಡೋಣ ಅಂತ ಒಳಗೆ ಕೈ ಹಾಕಿದಳು. ಸ್ವೆಟರಿನ ಕೆಳಗೆ ಬೆರಳಿಗೆ ಒಂದು ಅಂಚು ತಗುಲಿತು. ನೋಡಬೇಕಾಗೇ ಇರಲಿಲ್ಲ. ದಿನವಿಡೀ ಅದೇ ಅಂಚಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಅಯಸ್ಕಾಂತ ಟಕ್ ಅಂದಮೇಲೆ ಮುಂದಕ್ಕೆ ತಳ್ಳುವವಳು ಅವಳು. ಕತ್ತಲಲ್ಲಿ ಮುಟ್ಟಿದರೂ ಆ ಡಬ್ಬಿ ಅವಳಿಗೆ ಗೊತ್ತು.

"ಇದೇನ್ರೀ?"

ಡೆಂಗ್ ಕಿಟಕಿ ಕಡೆ ತಿರುಗಿದ. "ಸೂಟ್‌ಕೇಸಲ್ಲಿ ಬೇಡ ಅಂದ್ರಿ, ತೆಗೆದೆ ತಾನೇ. ನನ್ನ ಚೀಲದಲ್ಲಿ ಜಾಗ ಇರ್ಲಿಲ್ಲ."

"ಬಿಟ್ಟು ಬರ್ತೀನಿ ಅಂದ್ರಲ್ಲ."

"ಮೆಲ್ಲಗೆ ಮಾತಾಡು. ಚುನ್‌ಮೇಗೆ ಎಲ್ಲದಕ್ಕೂ ಭಯ. ಅವಳು ಟೊಮೇಟೊ ತಗೊಂಡು ಹೋಗೋವಾಗಲೂ ಹೀಗೇ ಬೆವರ್ತಾಳೆ. ನಿನ್ನಂಥ ಹೆಂಗಸಿನ ಚೀಲ ಯಾರು ನೋಡ್ತಾರೆ?" ಆಮೇಲೆ ದನಿ ಇಳಿಸಿ ಅಂದ: "ಆ ಮನುಷ್ಯ ನಮ್ಮ ಮಗಳ ಪಕ್ಕ ಕೂತಿದ್ದ ಕಣೇ. ನಾವು ಕೂತ್ಕೋಬೇಕಾದ ಜಾಗದಲ್ಲಿ."

ಗುಯಿಜೆನ್ ಸ್ವೆಟರನ್ನು ಮತ್ತೆ ಡಬ್ಬಿಯ ಮೇಲೆ ಎಳೆದಳು.

ಗಡಿಯ ಕಟ್ಟಡದಲ್ಲಿ ಜನವೋ ಜನ. ಸಾಲು ತಿರುಗುವ ಕಡೆ ಗೋಡೆಗೆ ದೊಡ್ಡದೊಂದು ಚಿತ್ರ ಹಚ್ಚಿದ್ದರು. ಇ-ಸಿಗರೇಟಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ಚಿತ್ರದ ಕೆಳಗೆ ಒಂದು ಕಸದ ಡಬ್ಬಿ. ಗುಯಿಜೆನ್‌ಳ ಕಾಲು ತಾನಾಗೇ ನಿಂತಿತು. ಕೈ ಚೀಲದೊಳಗೆ ಹೋಯಿತು. ಡಬ್ಬಿ ಬೆರಳಿಗೆ ಸಿಕ್ಕಿತ್ತು ಕೂಡ.

ಡೆಂಗ್ ಅವಳನ್ನು ನೋಡಿದ. ಬೈಯಲಿಲ್ಲ, ಹೆದರಿಸಲಿಲ್ಲ. ಸುಮ್ಮನೆ ನೋಡಿದ, ಕೈಯಲ್ಲಿರುವುದನ್ನು ಕಿತ್ತುಕೊಳ್ಳುತ್ತಾರೇನೋ ಅಂತ ಮಗು ನೋಡುವ ಹಾಗೆ. ಹಿಂದಿದ್ದ ಹೆಂಗಸು ಟ್ರಾಲಿಯಿಂದ ಮೆಲ್ಲಗೆ ತಳ್ಳಿ, "ನಡೀರಿ ಅಕ್ಕ, ಬಸ್ಸು ಹೋಗುತ್ತೆ," ಅಂದಳು. ಗುಯಿಜೆನ್ ಚೀಲದಿಂದ ಬರಿಗೈ ಹೊರಗೆ ತೆಗೆದಳು. ಮುಂದೆ ನಡೆದಳು.

ಆಮೇಲೆ ನಡೆದದ್ದೆಲ್ಲ ಬೇಗ ಬೇಗ. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಇನ್ನು ಬಸ್ಸೇ ಅನ್ನುವಾಗ ಕೈಗವಸು ಹಾಕಿದ್ದ ಹುಡುಗಿಯೊಬ್ಬಳು ಅಡ್ಡ ಬಂದು, "ಅಮ್ಮಾ, ಚೀಲ ಈ ಮೆಷಿನ್ ಮೇಲೆ ಇಡಿ," ಅಂದಳು. ಪರದೆಯ ಮೇಲೆ ಹತ್ತು ಕಪ್ಪು ಗೀಟು, ಸಾಲಾಗಿ, ಒಂದರ ಪಕ್ಕ ಒಂದು. ಗುಯಿಜೆನ್ ಮುಚ್ಚಿದ ಡಬ್ಬಿಯ ಒಳಗನ್ನು ಹೀಗೆ ಯಾವತ್ತೂ ನೋಡಿರಲಿಲ್ಲ.

"ಇದು ಯಾರ ಚೀಲ?"

"ನಂದು."

"ಇಟ್ಟಿದ್ದು ನಾನು," ಅಂದ ಡೆಂಗ್. "ಅವಳಿಗೆ ಗೊತ್ತಿಲ್ಲ."

"ನಿಮಗೆ ಗೊತ್ತಿತ್ತಾ ಅಮ್ಮಾ?"

ಗುಯಿಜೆನ್ ಸುಳ್ಳು ಹೇಳಬಹುದಿತ್ತು. ಆದರೆ ಅವಳ ತಲೆ ತಾನಾಗಿ ಆಡಿಹೋಯಿತು, ಹೌದು ಅಂತ.

ಇಬ್ಬರನ್ನೂ ಒಂದು ಕೋಣೆಗೆ ಕರೆದುಕೊಂಡು ಹೋದರು. ಯಾರೂ ಗದರಲಿಲ್ಲ. ಬಿಸಿನೀರು ಕೊಟ್ಟರು. ಡೆಂಗ್ ಎಲ್ಲ ಹೇಳಿದ. ಮಗಳು, ಗಡ್ಡೆ, ಅವಳ ಯಜಮಾನನಿಗೆ ಉಡುಗೊರೆ, ನಾಳೆ ಬೆಳಿಗ್ಗೆ ಆಪರೇಷನ್, ಇವತ್ತು ಮಧ್ಯಾಹ್ನದ ವಿಮಾನ. "ಆ ಡಬ್ಬಿ ನೀವೇ ಇಟ್ಕೊಳಿ ಸಾರ್. ಸುಟ್ಟಾಕಿ. ನಮ್ಮನ್ನ ಬಿಟ್ಬಿಡಿ. ವಾಪಸ್ ಬರೋವಾಗ ನಾನೇ ಬಂದು ಇಲ್ಲಿ ಕೂತ್ಕೋತೀನಿ."

ಅಧಿಕಾರಿ ವಯಸ್ಸಾದವನು. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. ಆಮೇಲೆ, "ನನಗೂ ಮಗಳಿದಾಳೆ," ಅಂದ. "ಒಂದಿದ್ದಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ. ಹತ್ತಿದೆ, ಇನ್ನೊಬ್ಬರಿಗೆ ಕೊಡೋಕೆ ಅಂತ ನೀವೇ ಹೇಳ್ತಿದೀರಿ. ನನ್ನ ಕೈಲೇನಿಲ್ಲ."

ಫೋನುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸಿದರು. ಯಾರಿಗಾದರೂ ಒಂದು ಕರೆ ಮಾಡಿ ತಿಳಿಸಬಹುದು ಅಂದರು. ಮಗಳ ನಂಬರು ಗುಯಿಜೆನ್‌ಗೆ ಬಾಯಿಗೆ ಬರುತ್ತಿರಲಿಲ್ಲ. ಫೋನಿನಲ್ಲಿ ಅವಳ ಮುಖದ ಮೇಲೆ ಒತ್ತಿದರೆ ಸಾಕಿತ್ತಲ್ಲ. ಬಾಯಿಗೆ ಬರುತ್ತಿದ್ದದ್ದು ಕೆಳಗಿನ ಮನೆಯ ನಂಬರೊಂದೇ.

"ಚುನ್‌ಮೇ, ನಾನು."

"ವಿಮಾನ ಹತ್ತಿದ್ರಾ ಅಕ್ಕ?"

ಗುಯಿಜೆನ್ ಹೇಳಿದಳು. ಆ ಕಡೆಯಿಂದ ಬೈಗುಳ ಬರುತ್ತದೆ ಅಂತ ಕಾದಳು. ಬರಲಿಲ್ಲ. "ಶಿನ್‌ಯಾ ನಂಬರು ನನ್ನ ಹತ್ರ ಇದೆ, ಅವಳಿಗೆ ನಾನು ಹೇಳ್ತೀನಿ ಬಿಡಿ," ಅಂದಳು ಚುನ್‌ಮೇ. "ಬಸ್ಸು ಕೆಟ್ಟೋಯ್ತು ಅಂತೀನಿ. ಆಪರೇಷನ್ ಇಟ್ಕೊಂಡು ನಿಜ ಕೇಳೋದು ಬೇಡ ಅದು."

ಮಧ್ಯಾಹ್ನ ವಿಮಾನ ಹೋಯಿತು. ಸಂಜೆ ಆಯಿತು. ಮಾರನೇ ದಿನ ಬೆಳಿಗ್ಗೆ ಅವರನ್ನು ಕೋರ್ಟಿಗೆ ಕರೆದೊಯ್ದರು. ತಪ್ಪು ಒಪ್ಪಿಕೊಂಡರು, ದಂಡ ಕಟ್ಟಿದರು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತು ಗುಯಿಜೆನ್ ಪ್ಲಾಸ್ಟಿಕ್ ಕವರು ಹರಿದಳು. ಒಸಾಕಾದಲ್ಲಿ ಆ ಹೊತ್ತಿಗೆ ಮಗಳ ತಲೆ ತೆರೆದಾಗಿತ್ತು.

ಫೋನಿನ ತುಂಬ ಶಿನ್‌ಯಾಳ ಕರೆಗಳು. ಅವುಗಳ ನಡುವೆ ದನಿ ಸಂದೇಶಗಳು. ಗುಯಿಜೆನ್ ಕಿವಿಗೆ ಹಿಡಿದಳು. ಡೆಂಗ್ ಪಕ್ಕದಲ್ಲಿ ನಿಂತಿದ್ದ, ಕೂರುವ ಧೈರ್ಯ ಅವನಿಗೆ ಇರಲಿಲ್ಲ.

"ಅಮ್ಮಾ, ಎಲ್ಲಿದೀಯಾ? ಬಸ್ಸು ಕೆಡ್ತು ಅಂದ್ರು ಚುನ್‌ಮೇ ಅತ್ತೆ. ಎಂಥಾ ಬಸ್ಸಮ್ಮ ಅದು, ಇನ್ನೂ ರಿಪೇರಿ ಆಗಿಲ್ವಾ? ಅಪ್ಪನ್ನ ಇಳಿಸಿ ತಳ್ಳೋಕೆ ಹೇಳು."

"ಅಮ್ಮಾ, ಫೋನ್ ಎತ್ತೇ. ನನ್ನ ಕೂದಲು ತೆಗೆದ್ರು. ನೋಡಿದ್ರೆ ನಗ್ತೀಯಾ, ಥೇಟ್ ಅಪ್ಪನ ತಲೆ."

"ಅಮ್ಮಾ."

ಕೊನೆಯದು ಅದೇ ಬೆಳಿಗ್ಗೆಯದು. ಹಿಂದೆ ಗಾಲಿ ಉರುಳುವ ಸದ್ದು, ಯಾರೋ ಜಪಾನಿಯಲ್ಲಿ ಏನೋ ಹೇಳುತ್ತಿದ್ದರು. "ಬಂದ್ರು ಅಮ್ಮಾ, ಕರ್ಕೊಂಡು ಹೋಗೋಕೆ. ಆ ಮಾತು ಫೋನಲ್ಲಿ ಹೇಳಿಬಿಡ್ಲಾ ಅಂತ ಯೋಚನೆ ಮಾಡ್ದೆ. ಬೇಡ. ನೀನು ಇಲ್ಲೇ ಹೊರಗೆ ಬಂದು ಕೂತಿರ್ತೀಯಾ ಅಲ್ವಾ? ಆಮೇಲೆ ಹೇಳ್ತೀನಿ."

ಅವರು ಒಸಾಕಾ ತಲುಪಿದ್ದು ಶುಕ್ರವಾರ. ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಮೊರಿಮೊಟೊ ಕೂತಿದ್ದ. ಇವರನ್ನು ಕಂಡು ಎದ್ದು, ಬಗ್ಗಿ ನಮಸ್ಕಾರ ಮಾಡಿ, ಜಾಗ ಬಿಟ್ಟುಕೊಟ್ಟು ಹೊರಗೆ ಹೋದ. ಅವನ ಮುಂದೆ ಡೆಂಗ್ ಬರಿಗೈಯಲ್ಲೇ ನಿಂತಿದ್ದ. ಮೊರಿಮೊಟೊ ಅದನ್ನು ಗಮನಿಸಲೂ ಇಲ್ಲ.

ಶಿನ್‌ಯಾ ಕಣ್ಣು ಬಿಟ್ಟಳು. ಅಮ್ಮನನ್ನು ಗುರುತು ಹಿಡಿದಳು. ಬಾಯಿ ತೆರೆದಳು. "ಅ..." ಅಂದಳು. ಮತ್ತೆ "ಅ..." ಅಷ್ಟೇ. ತನ್ನ ಬಾಯಿ ತನ್ನ ಮಾತು ಕೇಳುತ್ತಿಲ್ಲ ಅಂತ ಅವಳಿಗೇ ಆಶ್ಚರ್ಯ ಆದ ಹಾಗೆ ಕಂಡಿತು. ಗುಯಿಜೆನ್ ನೀಲಿ ಸ್ವೆಟರನ್ನು ಅವಳ ಎದೆಯ ಮೇಲೆ ಹರಡಿದಳು. ಅದರಿಂದ ಇನ್ನೂ ಮಾವಿನ ಹಣ್ಣಿನ ವಾಸನೆ ಬರುತ್ತಿತ್ತು.

ಈಗ ಶಿನ್‌ಯಾ ಶಾಜಿಂಗಿನಲ್ಲೇ ಇದ್ದಾಳೆ. ಮಾತು ಕಲಿಸುವವರ ಹತ್ತಿರ ಹೋಗುತ್ತಾಳೆ. ನೀರು ಅನ್ನುತ್ತಾಳೆ, ಬೇಡ ಅನ್ನುತ್ತಾಳೆ, ಕಷ್ಟಪಟ್ಟು ಅಮ್ಮ ಅನ್ನುತ್ತಾಳೆ. ಆ ದಿನ ಏನು ಹೇಳಬೇಕಿತ್ತು ಅಂತ ಗುಯಿಜೆನ್ ಒಂದು ಸಲ ಕೇಳಿದಳು. ಮಗಳು ಬಾಯಿ ತೆರೆದಳು, ಹುಡುಕಿದಳು, ಸಿಗಲಿಲ್ಲ. ಅತ್ತಳು. ಆಮೇಲೆ ಯಾರೂ ಕೇಳಿಲ್ಲ. ಅಡುಗೆ ಮಾಡುವಾಗ ಗುಯಿಜೆನ್ ಹಳೆಯ ದನಿ ಸಂದೇಶಗಳನ್ನು ಸ್ಪೀಕರಿಗೆ ಹಾಕಿ ಒಲೆ ಪಕ್ಕ ಇಡುತ್ತಾಳೆ. ಮಗಳು ಮನೆಯಲ್ಲಿಲ್ಲದಾಗ ಮಾತ್ರ.

ಡೆಂಗ್ ಸೇದುವುದು ಬಿಟ್ಟಿದ್ದಾನೆ. ತಾವಿರುವ ಕಟ್ಟಡದಲ್ಲಿ ಯಾರೇ ಹೊರದೇಶಕ್ಕೆ ಹೊರಟರೂ ಕರೆಯದೇ ಹೋಗಿ ಬಾಗಿಲು ತಟ್ಟುತ್ತಾನೆ. "ಚೀಲ ಖಾಲಿ ಮಾಡಿ, ನಾನು ನೋಡ್ಬೇಕು," ಅನ್ನುತ್ತಾನೆ. "ಏನಣ್ಣ, ಕಸ್ಟಮ್ಸಿಗೆ ಸೇರಿದ್ರಾ?" ಅಂತ ಹೊಸಬರು ನಗುತ್ತಾರೆ. ಹಳಬರು ನಗುವುದಿಲ್ಲ. ಎದ್ದು ಚೀಲ ಸುರಿಯುತ್ತಾರೆ.

ಕೇಳುತ್ತಿರುವ ನೀವೂ ಸುರಿಯಿರಿ. ನೀವು ಹೋಗುವ ದೇಶದಲ್ಲಿ ಇ-ಸಿಗರೇಟಿಗೆ ಅನುಮತಿ ಇದೆಯಾ ಅಂತ ಕೇಳಿದರೆ ಸಾಲದು. ನಡುವೆ ಎಲ್ಲೆಲ್ಲಿ ಕಾಲಿಡುತ್ತೀರೋ ಅಲ್ಲಿನದ್ದೂ ಕೇಳಿ, ಹೊರಡುವ ಊರಿನದ್ದೂ ಕೇಳಿ. ಹಾಂಗ್‌ಕಾಂಗ್, ಸಿಂಗಾಪುರ, ಥಾಯ್ಲೆಂಡ್, ತೈವಾನ್ ಇವನ್ನು ಒಳಗೇ ಬಿಡುವುದಿಲ್ಲ. ನಮ್ಮ ಭಾರತದಲ್ಲೂ ಇದನ್ನು ತರುವುದು, ಮಾರುವುದು ಕಾನೂನಿಗೆ ವಿರುದ್ಧ. ಅನುಮತಿ ಇರುವ ಕಡೆಯಿಂದ ಅನುಮತಿ ಇರುವ ಕಡೆಗೇ ಹೋಗುತ್ತಿದ್ದರೂ ಅದು ಆಫ್ ಆಗಿ ನಿಮ್ಮ ಕೈಚೀಲದಲ್ಲೇ ಇರಬೇಕು. ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿಗೆ ಹಾಕಬೇಡಿ, ಒಳಗೆ ಕೂತು ಚಾರ್ಜಿಗೆ ಹಾಕಬೇಡಿ, ಟಾಯ್ಲೆಟ್ಟಿಗೆ ಹೋಗಿ ಸೇದಲೇಬೇಡಿ. ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಟ್ಟವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಗೊತ್ತಾಗಲಿಲ್ಲವಾ, ಮನೆಯಲ್ಲೇ ಬಿಡಿ. ಉಡುಗೊರೆಗೆ ಟೀ ಇದೆ. ನಿಮ್ಮ ಚೀಲದಲ್ಲಿ ಇನ್ನೊಬ್ಬರು ಏನಿಟ್ಟರೂ, ಅವರು ಗಂಡನೇ ಆಗಲಿ ಮಗನೇ ಆಗಲಿ, ಗಡಿಯಲ್ಲಿ ಅದು ನಿಮ್ಮದೇ.

ಆ ಕಸದ ಡಬ್ಬಿ ಇವತ್ತಿಗೂ ಸಾಲು ತಿರುಗುವಲ್ಲೇ ಇದೆ. ಚೀಲ ನಿಮ್ಮದು, ಡಬ್ಬಿ ಬೆರಳಿಗೆ ಸಿಕ್ಕಿದೆ, ಪಕ್ಕದಲ್ಲಿ ನಿಮ್ಮವರು ಸುಮ್ಮನೆ ನಿಮ್ಮನ್ನೇ ನೋಡುತ್ತಿದ್ದಾರೆ, ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳುತ್ತಿದ್ದಾರೆ. ನಿಜ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?